ಕಪ್ ಬರಲಿಲ್ಲವೆಂದು ಕೋಚ್ ತಲೆದಂಡ ಬೇಕೇ?

ಅಂತರ ಕಾಲೇಜು ಫುಟ್‌ಬಾಲ್ ಮುಗಿದ ಮರುದಿನ ಮಂಗಳೂರು, ಉಡುಪಿಯ ಒಂದಲ್ಲ ಒಂದು ಕಾಲೇಜಿನಲ್ಲಿ ಈ ಮಾತು ಏಳುತ್ತದೆ: "ಮೂರು ವರ್ಷ ಆಯ್ತು, ಒಂದು ಕಪ್ ಇಲ್ಲ. ಕೋಚನ್ನು ಬದಲಿಸಿ ಮಾರಾಯ್ರೇ." ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಶುರುವಾಗುತ್ತದೆ, ಆಡಳಿತ ಮಂಡಳಿಯ ಯಾರೋ ಒಬ್ಬರು ಪ್ರಾಂಶುಪಾಲರಿಗೆ ಫೋನ್ ಮಾಡುತ್ತಾರೆ, ಕೊನೆಗೆ ದೈಹಿಕ ಶಿಕ್ಷಣ ನಿರ್ದೇಶಕರ ಮೇಜಿಗೆ ಬಂದು ಬೀಳುತ್ತದೆ. ಎರಡು ವಾರದೊಳಗೆ ತಲೆದಂಡ. ಹೊಸ ಕೋಚ್ ಬರುತ್ತಾರೆ, ಮತ್ತೆ ಕ್ವಾರ್ಟರ್ ಫೈನಲ್‌ನಲ್ಲಿ ಸೋಲು, ಮತ್ತೆ ಅದೇ ಮಾತು.

ಕಪ್ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾಲೇಜು ಕೋಚನ್ನು ತೆಗೆಯುವುದು ತಪ್ಪು. ಕೆಲವು ಕಾರಣಗಳಿಗೆ ಮಾತ್ರ ಕಪ್ ಗೆದ್ದ ಕೋಚನ್ನೂ ಅದೇ ದಿನ ಮನೆಗೆ ಕಳಿಸಬೇಕು. ಇವೆರಡನ್ನು ಬೇರ್ಪಡಿಸಲಿಕ್ಕೆ ಪಂದ್ಯದ ಫಲಿತಾಂಶ ಸಾಕಾಗುವುದಿಲ್ಲ. ಸಂಜೆ ನಾಲ್ಕೂವರೆಗೆ ಪ್ರಾಕ್ಟೀಸ್ ನಡೆಯುವ ಮೈದಾನಕ್ಕೆ ಹೋಗಿ ನಿಲ್ಲಬೇಕು.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಕಾಲೇಜು ಪಂದ್ಯಾವಳಿಗಳು ಹೆಚ್ಚಾಗಿ ನಾಕೌಟ್, ಒಮ್ಮೆ ಸೋತರೆ ಹೊರಗೆ. 16 ತಂಡಗಳಿದ್ದರೆ ಕಪ್ ಎತ್ತಲು ಸಾಲಾಗಿ 4 ಪಂದ್ಯ ಗೆಲ್ಲಬೇಕು. ನಿಮ್ಮದು ಗಟ್ಟಿ ತಂಡ, ಯಾರ ಮೇಲೆ ಆಡಿದರೂ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಎಂದೇ ಇಟ್ಟುಕೊಳ್ಳಿ. 0.6 ಅನ್ನು ನಾಲ್ಕು ಸಲ ಗುಣಿಸಿದರೆ ಸಿಗುವುದು ಸುಮಾರು 0.13. ಅಂದರೆ ಗಟ್ಟಿ ತಂಡಕ್ಕೂ ಒಂದು ವರ್ಷದಲ್ಲಿ ಕಪ್ ಸಿಗುವ ಸಾಧ್ಯತೆ ನೂರಕ್ಕೆ 13. ಮೂರು ವರ್ಷ ಸತತವಾಗಿ ಕಪ್ ಇಲ್ಲದೆ ಹೋಗುವ ಸಾಧ್ಯತೆ ನೂರಕ್ಕೆ 66ರ ಹತ್ತಿರ. "ಮೂರು ವರ್ಷ ಆಯ್ತು" ಎಂದು ಸಿಟ್ಟಾಗುವವರು ಈ ಲೆಕ್ಕವನ್ನು ಒಮ್ಮೆ ತಾವೇ ಕಾಗದದ ಮೇಲೆ ಮಾಡಿ ನೋಡಬೇಕು. ಇದರ ಮೇಲೆ ಪೆನಾಲ್ಟಿ ಶೂಟೌಟ್ ಬೇರೆ. ಇಡೀ ವರ್ಷದ ಶ್ರಮ ಐದೈದು ಒದೆತಗಳಲ್ಲಿ ತೀರ್ಮಾನವಾಗುತ್ತದೆ.

ವೃತ್ತಿಪರ ಕ್ಲಬ್ ಒಂದು ಸೀಸನ್‌ನಲ್ಲಿ ಮೂವತ್ತು ನಲವತ್ತು ಪಂದ್ಯ ಆಡುತ್ತದೆ. ಅಲ್ಲಿ ಹತ್ತು ಸೋಲು ಏನನ್ನೋ ಹೇಳುತ್ತದೆ. ನಮ್ಮ ಕಾಲೇಜು ತಂಡಕ್ಕೆ ವರ್ಷಕ್ಕೆ ಸಿಗುವುದು ಬೆರಳೆಣಿಕೆಯ ಅಧಿಕೃತ ಪಂದ್ಯಗಳು. ಮೊದಲ ಸುತ್ತಿನಲ್ಲೇ ಸೋತರೆ ಒಂದೇ ಒಂದು. ಒಂದು ಪಂದ್ಯದಿಂದ ಕೋಚನ್ನು ಅಳೆಯುವುದು ಒಂದು ಮಳೆಯಿಂದ ಇಡೀ ಆಟಿ (ಆಷಾಢ) ತಿಂಗಳನ್ನು ಅಳೆದ ಹಾಗೆ.

ಇನ್ನು ಕೋಚ್ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು. ತಂಡಕ್ಕೆ ಹುಡುಗರನ್ನು ಆರಿಸುವುದು ಕೋಚ್ ಆದರೂ ಕಾಲೇಜಿಗೆ ಸೇರಿಸಿಕೊಳ್ಳುವುದು ಅವರಲ್ಲ. ಕ್ರೀಡಾ ಕೋಟಾದ ಸೀಟು ಎಷ್ಟು, ಶುಲ್ಕದಲ್ಲಿ ವಿನಾಯಿತಿ ಎಷ್ಟು, ಹಾಸ್ಟೆಲ್ ಉಂಟೋ ಇಲ್ಲವೋ, ಇದೆಲ್ಲ ಆಡಳಿತದ ತೀರ್ಮಾನ. ಮಂಜೇಶ್ವರ, ಉಪ್ಪಳ, ಕಾಸರಗೋಡಿನ ಕಡೆಯಿಂದ ಒಳ್ಳೆಯ ಹುಡುಗರು ಬರುತ್ತಾರೆ, ಹಾಸ್ಟೆಲ್ ಕೊಡುವ ಕಾಲೇಜಿಗೆ ಹೋಗುತ್ತಾರೆ. ಡಿಗ್ರಿ ಮೂರು ವರ್ಷದ್ದು. ಮೊದಲ ವರ್ಷ ಕಲಿತ ಹುಡುಗ ಮೂರನೆಯ ವರ್ಷ ಪಕ್ವವಾಗುವಾಗ ಇಂಟರ್ನಲ್ಸ್, ಪ್ರಾಜೆಕ್ಟ್, ಕ್ಯಾಂಪಸ್ ಸಂದರ್ಶನ ಎಂದು ಅರ್ಧ ದಿನ ಬರುವುದೇ ಇಲ್ಲ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ನಮ್ಮ ಕೆಂಪು ಮಣ್ಣಿನ ಮೈದಾನ ಕೆಸರುಗದ್ದೆ. ಒಳಾಂಗಣವೋ ಟರ್ಫೋ ಇಲ್ಲದ ಕಾಲೇಜಿಗೆ ನಿಜವಾದ ತರಬೇತಿ ಸಿಗುವುದು ಪಂದ್ಯಾವಳಿಗೆ ಮುಂಚಿನ ಎಂಟು ಹತ್ತು ವಾರ ಮಾತ್ರ. ಆ ಎಂಟು ವಾರದಲ್ಲಿ ಕೋಚ್ ಏನು ಮಾಡಿದರು? ಕೇಳಬೇಕಾದ ಪ್ರಶ್ನೆ ಅದು.

ಒಂದು ಸಂಜೆ ಗಡಿಯಾರ ಹಿಡಿದು ಹೋಗಿ ಕುಳಿತುಕೊಳ್ಳಿ. ಮೊದಲೇ ತಿಳಿಸದೆ ಹೋಗುವುದು ಒಳ್ಳೆಯದು. ಸ್ಟಾರ್ ಆಟಗಾರನನ್ನು ನೋಡಬೇಡಿ. ನಡುಮಟ್ಟದ ಒಬ್ಬ ಹುಡುಗನನ್ನು ಆರಿಸಿಕೊಂಡು 20 ನಿಮಿಷ ಅವನೊಬ್ಬನನ್ನೇ ನೋಡಿ, ಅವನ ಕಾಲಿಗೆ ಚೆಂಡು ಎಷ್ಟು ಸಲ ತಾಗಿತು ಎಂದು ಎಣಿಸಿ.

ಸಾಮಾನ್ಯವಾಗಿ ಕಾಣುವ ತಪ್ಪು ಹೀಗಿರುತ್ತದೆ. 18 ಹುಡುಗರು ಒಂದೇ ಸಾಲಿನಲ್ಲಿ ನಿಂತಿದ್ದಾರೆ, ಒಂದು ಗೋಲಿಗೆ ಒಬ್ಬೊಬ್ಬರೇ ಶಾಟ್ ಹೊಡೆಯುತ್ತಾರೆ. ಒಂದು ಶಾಟ್‌ಗೆ 15 ಸೆಕೆಂಡ್ ಹಿಡಿದರೆ 20 ನಿಮಿಷದಲ್ಲಿ ಒಬ್ಬನಿಗೆ ಸಿಗುವುದು ನಾಲ್ಕು ಶಾಟ್. ಉಳಿದ ಹೊತ್ತು ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು. ಅದೇ ಹುಡುಗರನ್ನು ಮೂರು ಸಾಲು ಮಾಡಿ, ಕೋನ್ ಇಟ್ಟು ಇನ್ನೆರಡು ಗೋಲು ಮಾಡಿಕೊಂಡರೆ ಒಬ್ಬೊಬ್ಬನಿಗೆ 13 ಶಾಟ್. ದುಡ್ಡು ಬೇಡ, ಯೋಚನೆ ಬೇಕು. ಚೆಂಡು ಮಾತ್ರ ಸಾಕಷ್ಟು ಬೇಕು. 20 ಹುಡುಗರಿಗೆ ಕನಿಷ್ಠ 10. ಕಾಲೇಜು 4 ಚೆಂಡು ಕೊಟ್ಟು ಕಪ್ ಕೇಳಿದರೆ ಅದು ಕೋಚ್ ತಪ್ಪಲ್ಲ. ಕೆಂಪು ಮಣ್ಣಿನಲ್ಲಿ ಚೆಂಡಿನ ಮೇಲ್ಮೈ ಬೇಗ ಸವೆಯುತ್ತದೆ, ಗಾಳಿ ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ನಿಯಮದ ಪ್ರಕಾರ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ಇರಬೇಕು. ಹೆಬ್ಬೆರಳಲ್ಲಿ ಒತ್ತಿ "ಸರಿ ಉಂಟು" ಎನ್ನುವ ಬದಲು ಗೇಜ್ ಇರುವ ಪಂಪ್ ಇಟ್ಟುಕೊಂಡ ಕೋಚನ್ನು ಕಂಡರೆ ಆ ಮನುಷ್ಯನಿಗೆ ಕೆಲಸದ ಮೇಲೆ ಗಮನ ಇದೆ ಎಂದು ತಿಳಿಯಬಹುದು.

ಮೊದಲ 20 ನಿಮಿಷವೂ ಬಹಳ ಹೇಳುತ್ತದೆ. "ಎರಡು ಸುತ್ತು ಓಡಿ ಬನ್ನಿ" ಎಂದು ಕಳಿಸಿ ಫೋನ್ ನೋಡುತ್ತಾ ನಿಂತರೆ ಅದು ವಾರ್ಮ್‌ಅಪ್ ಅಲ್ಲ. ಫಿಫಾ 11 ಪ್ಲಸ್ ಎಂಬ ಕ್ರಮ ಉಚಿತವಾಗಿ ಸಿಗುತ್ತದೆ. 8 ನಿಮಿಷ ನಿಧಾನದ ಓಟ, 10 ನಿಮಿಷ ತೊಡೆ, ಸೊಂಟ, ಸಮತೋಲನದ ವ್ಯಾಯಾಮ, ಕೊನೆಗೆ 2 ನಿಮಿಷ ವೇಗದ ಓಟ. ಒಟ್ಟು 15 ಬಗೆ. ವಾರಕ್ಕೆ ಎರಡು ಸಲವಾದರೂ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ತೊಡೆಯ ಹಿಂಭಾಗದ ಸ್ನಾಯು ಹರಿದ ಹುಡುಗ ಮೂರು ವಾರ ಹೊರಗೆ ಕೂರುತ್ತಾನೆ. ಎಂಟು ವಾರದ ಸೀಸನ್‌ನಲ್ಲಿ ಮೂರು ವಾರ! ಸೋಲಿಗೆ ಕಾರಣ ಹುಡುಕುವವರು ಇಲ್ಲಿಂದ ಶುರು ಮಾಡಬೇಕು.

ವಾರ್ಮ್‌ಅಪ್ ಆದ ಕೂಡಲೇ ಎರಡು ತಂಡ ಮಾಡಿ ಆಡ್ಲಿಕ್ಕೆ ಬಿಟ್ಟು, ಕತ್ತಲಾಗುವವರೆಗೆ ಗ್ಯಾಲರಿಯಲ್ಲಿ ಕೂರುವ ಕೋಚ್‌ಗಳೂ ಇದ್ದಾರೆ. ಹುಡುಗರಿಗೆ ಖುಷಿ. ಕಲಿಕೆ ಮಾತ್ರ ಸೊನ್ನೆ. 90 ನಿಮಿಷದ ಪ್ರಾಕ್ಟೀಸ್‌ನಲ್ಲಿ ಪಂದ್ಯ ಆಡಿಸುವುದು 30 ನಿಮಿಷ ಸಾಕು, ಅದೂ ಒಂದು ಷರತ್ತು ಹಾಕಿ: ಎರಡೇ ಟಚ್, ಅಥವಾ ಚೆಂಡು ಕಳೆದುಕೊಂಡ ಐದು ಸೆಕೆಂಡಿನಲ್ಲಿ ಮರಳಿ ಪಡೆಯಲು ಮುಗಿಬೀಳಬೇಕು, ಹೀಗೆ ಏನಾದರೊಂದು.

ನಮ್ಮ ಕಡೆಯ ಕೋಚ್‌ಗಳಿಗೆ ಇರುವ ದೊಡ್ಡ ಕೆಲಸವೆಂದರೆ ಸೆವೆನ್ಸ್ ಆಟಗಾರನನ್ನು ಇಲೆವೆನ್ಸ್‌ಗೆ ತರುವುದು. ನಮ್ಮ ಹುಡುಗರು ಸಣ್ಣ ಮೈದಾನದಲ್ಲಿ, ಫ್ಲಡ್‌ಲೈಟ್ ಕೆಳಗೆ, ಏಳೇಳು ಜನರ ಆಟದಲ್ಲಿ ಬೆಳೆದವರು. ಕಾಲಿನ ಚಳಕ ಅದ್ಭುತ, ಒಬ್ಬನನ್ನು ದಾಟುವ ಧೈರ್ಯ ಹುಟ್ಟುಗುಣ. ಆದರೆ ಸೆವೆನ್ಸ್‌ನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ (ಪಾಸ್ ಬಿಡುವಾಗ ಚೆಂಡಿಗಿಂತಲೂ, ಗೋಲ್‌ಕೀಪರ್ ಬಿಟ್ಟು ಕೊನೆಯ ಡಿಫೆಂಡರ್‌ಗಿಂತಲೂ ಮುಂದೆ ನಿಂತವನು ಆಡುವಂತಿಲ್ಲ ಎಂಬ ನಿಯಮ) ಇರುವುದಿಲ್ಲ. ಹಾಗಾಗಿ ಡಿಫೆಂಡರ್ ಆದವನು ತನ್ನ ಎದುರಾಳಿಯನ್ನು ಹಿಂಬಾಲಿಸಿ ಗೋಲಿನ ಬಾಯಿಗೆ ಹೋಗಿ ನಿಲ್ಲುತ್ತಾನೆ. ಹನ್ನೊಂದು ಜನರ ಆಟದಲ್ಲಿ ಅದೇ ಅಭ್ಯಾಸ ಬಂದರೆ ಮೂವರು ಮುಂದೆ, ಒಬ್ಬ ಹತ್ತು ಮೀಟರ್ ಹಿಂದೆ. ಆ ಒಬ್ಬನಿಂದಾಗಿ ಎದುರಾಳಿಯ ಎಲ್ಲರೂ ಆನ್‌ಸೈಡ್, ಅಂದರೆ ನಿಯಮದೊಳಗೆ. ಇದನ್ನು ಸರಿಪಡಿಸಲು ಬೇಕಾದ್ದು ಒಂದು ಹಗ್ಗ. ನಾಲ್ವರು ಡಿಫೆಂಡರ್‌ಗಳ ಸೊಂಟಕ್ಕೆ ಎಂಟು ಹತ್ತು ಮೀಟರ್ ಅಂತರದಲ್ಲಿ ಸಡಿಲವಾಗಿ ಕಟ್ಟಿ, ಚೆಂಡು ಎಡಕ್ಕೆ ಹೋದಾಗ ನಾಲ್ವರೂ ಎಡಕ್ಕೆ, ಹಿಂದಕ್ಕೆ ಪಾಸ್ ಆದಾಗ ನಾಲ್ವರೂ ಮುಂದಕ್ಕೆ ನಡೆಯುವುದು. ನಡೆಯುವುದು ಮಾತ್ರ, ಓಡುವುದಲ್ಲ. ದಿನಕ್ಕೆ 15 ನಿಮಿಷ, ಎರಡು ವಾರ. ಇಂಥದ್ದನ್ನು ಮಾಡಿಸುವ ಕೋಚ್ ಈ ವರ್ಷ ಸೋತಿದ್ದರೂ ಉಳಿಸಿಕೊಳ್ಳಬೇಕಾದವರು. "ಇವಕ್ಕೆ ಹೇಳಿದ್ರೆ ಅರ್ಥ ಆಗುದಿಲ್ಲ" ಎಂದು ಹುಡುಗರನ್ನೇ ದೂರುವವರು ಕುಣಿಯಲಾರದೆ ನೆಲ ಡೊಂಕು ಎಂದವರ ಸಾಲಿಗೆ ಸೇರಿದವರು.

ಪಂದ್ಯದ ದಿನ ಸ್ಕೋರ್ ಬಿಟ್ಟು ಇನ್ನೂ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಪೆನಾಲ್ಟಿ ಬಾಕ್ಸ್ ಒಳಗಿನಿಂದ ನಾವು ಹೊಡೆದ ಶಾಟ್ ಎಷ್ಟು, ನಮ್ಮ ಮೇಲೆ ಬಂದದ್ದು ಎಷ್ಟು, ಕಾರ್ನರ್ ಮತ್ತು ಫ್ರೀಕಿಕ್‌ನಿಂದ ತಿಂದ ಗೋಲು ಎಷ್ಟು, 70ನೇ ನಿಮಿಷದ ನಂತರ ತಿಂದದ್ದು ಎಷ್ಟು. ಒಬ್ಬ ವಿದ್ಯಾರ್ಥಿ, ಒಂದು ಹಾಳೆ ಸಾಕು. ಮಂಗಳೂರಿನ ನೆಹರೂ ಮೈದಾನದ ಗ್ಯಾಲರಿಯ ಎತ್ತರದಿಂದ ಮೊಬೈಲ್‌ನಲ್ಲಿ ಇಡೀ ಪಂದ್ಯ ಚಿತ್ರಿಸಿಕೊಂಡರೆ ಇನ್ನೂ ಒಳ್ಳೆಯದು. 1–0ಯಿಂದ ಸೋತರೂ ಬಾಕ್ಸ್ ಒಳಗಿನ ಶಾಟ್ 9–3 ಇದ್ದರೆ ತಂಡ ಸರಿದಾರಿಯಲ್ಲಿದೆ. 2–1ರಿಂದ ಗೆದ್ದರೂ 3–11 ಇದ್ದರೆ ಗೋಲಿಗೆ (ಗೋಲ್‌ಕೀಪರ್‌ಗೆ) ಕೈಮುಗಿಯಬೇಕು, ಕೋಚ್‌ಗಲ್ಲ. ಕೊನೆಯ 20 ನಿಮಿಷದಲ್ಲೇ ಗೋಲು ತಿನ್ನುತ್ತಿದ್ದರೆ ದಮ್ ಸಾಲುತ್ತಿಲ್ಲ, ಅಥವಾ ಬದಲಿ ಆಟಗಾರರನ್ನು ಇಳಿಸುವುದು ತಡವಾಗುತ್ತಿದೆ. ಐವರನ್ನು ಬದಲಿಸುವ ಅವಕಾಶವಿದ್ದೂ ಕಾಲು ಹಿಡಿದುಕೊಂಡು ಬಿದ್ದವರನ್ನೇ ಆಡಿಸಿದರೆ ಆ ಸೋಲು ಖಂಡಿತ ಕೋಚ್‌ದ್ದೇ.

ಒಂದು ಕಾರ್ನರ್ ಹತ್ತಿರದಿಂದ ನೋಡೋಣ. ಚೆಂಡು ಬಲಗಡೆಯ ಮೂಲೆಯಲ್ಲಿದೆ. ಹತ್ತಿರದ ಕಂಬದ ಮುಂದೆ ನಿಲ್ಲಬೇಕಾದ ನಮ್ಮ ಹುಡುಗ ಕಂಬ ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಿದ್ದಾನೆ, ಕಣ್ಣು ಚೆಂಡಿನ ಮೇಲೆ, ಬೆನ್ನು ಎದುರಾಳಿಗೆ. ಒದೆತ ಬೀಳುತ್ತದೆ. ಎದುರಾಳಿ ಅವನ ಬೆನ್ನ ಹಿಂದಿನಿಂದ ನುಗ್ಗಿ ತಲೆಯ ತುದಿ ತಾಗಿಸುತ್ತಾನೆ. ಚೆಂಡು ಗೋಲಿಯ ಕೈಮೇಲೆ ತೇಲಿ ದೂರದ ಕಂಬಕ್ಕೆ ಹೋಗುತ್ತದೆ, ಅಲ್ಲಿ ನಮ್ಮವರು ಯಾರೂ ಇಲ್ಲ, ಎದುರಾಳಿ ತಳ್ಳಿದರೆ ಗೋಲು. ಇಷ್ಟರಲ್ಲಿ ಯಾರೊಬ್ಬನೂ ಬಾಯಿ ಬಿಟ್ಟಿಲ್ಲ, ಗೋಲಿ ಕೂಡ. ಈ ಗೋಲು ಒಮ್ಮೆ ಆದರೆ ಹುಡುಗನ ತಪ್ಪು. ಮುಂದಿನ ಮೂರು ದಿನದ ಪ್ರಾಕ್ಟೀಸ್‌ನಲ್ಲಿ ಕೋಚ್ ಹತ್ತಿರದ ಕಂಬಕ್ಕೆ ಒಬ್ಬನನ್ನು ಗಟ್ಟಿಯಾಗಿ ನಿಲ್ಲಿಸಿ, ದೂರದ ಕಂಬಕ್ಕೆ ಇನ್ನೊಬ್ಬನನ್ನು ಹೆಸರಿಸಿ, ಗೋಲಿಯಿಂದ ಕೂಗಿಸಿ, ಮೂವತ್ತು ಸಲ ಅದೇ ಕಾರ್ನರ್ ಹಾಕಿಸಿದರೋ ಇಲ್ಲವೋ ನೋಡಿ. ಹಾಕಿಸದೆ, ಅದೇ ಗೋಲು ಮುಂದಿನ ಪಂದ್ಯದಲ್ಲೂ ಆದರೆ ಅದು ಕೋಚ್ ತಪ್ಪು. ಮೂರನೆಯ ಸಲ ಆದರೆ ಮಾತಾಡಿಸಲಿಕ್ಕೆ ಕರೆಯಬೇಕು.

ಈಗ, ಫಲಿತಾಂಶ ಏನೇ ಇರಲಿ, ಕೂಡಲೇ ತೆಗೆಯಬೇಕಾದ ಕಾರಣಗಳು. ಅಕ್ಟೋಬರ್, ನವೆಂಬರ್‌ನ ಸಂಜೆ ಕರಾವಳಿಯಲ್ಲಿ ಗುಡುಗು ಸಿಡಿಲು ಸಾಮಾನ್ಯ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಮೈದಾನ ಖಾಲಿ ಮಾಡಿಸಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. "ಐದು ನಿಮಿಷ ಉಂಟು, ಮುಗಿಸಿ ಹೋಗುವ" ಎನ್ನುವ ಕೋಚ್ ಬೇಡ. ತಲೆಗೆ ಪೆಟ್ಟಾಗಿ ಕಣ್ಣು ಮಂಜಾದ ಹುಡುಗನನ್ನು ನೀರು ಚಿಮುಕಿಸಿ ಮತ್ತೆ ಇಳಿಸುವ ಕೋಚ್ ಬೇಡ. ತಲೆಗೆ ಪೆಟ್ಟಾದ ಅನುಮಾನ ಬಂದರೂ ಆ ದಿನ ಆಟ ಮುಗಿಯಿತು, ಡಾಕ್ಟರ್ ಹೇಳುವವರೆಗೆ ಹೊರಗೆ. ಪಾದದ ಗಂಟು ತಿರುಚಿದವನಿಗೆ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಆಗಬೇಕು, ಸ್ಪ್ರೇ ಹೊಡೆದು ಕಳಿಸುವುದಲ್ಲ. ನಮ್ಮ ಸೆಖೆಯಲ್ಲಿ ನೀರು ಕೊಡದೆ ಓಡಿಸುವುದನ್ನು ಶಿಸ್ತು ಎಂದುಕೊಂಡವರು ಇನ್ನೂ ಇದ್ದಾರೆ. ಪ್ರಾಕ್ಟೀಸ್‌ಗೆ ಮುಂಚೆ, ನಂತರ ಹುಡುಗರ ತೂಕ ನೋಡಿ. 60 ಕಿಲೋ ಹುಡುಗ 1.2 ಕಿಲೋ ಇಳಿದಿದ್ದರೆ ದೇಹದ ತೂಕದ ನೂರಕ್ಕೆ 2ರಷ್ಟು ನೀರು ಹೋಗಿದೆ, ಅಲ್ಲಿಂದ ಆಟ ಕುಸಿಯುತ್ತದೆ. ಕೈ ಮಾಡುವುದು, ಜಾತಿ ಧರ್ಮ ಹಿಡಿದು ಬೈಯುವುದು, ಆಯ್ಕೆಗೆ ಹಣವೋ ಉಡುಗೊರೆಯೋ ತೆಗೆದುಕೊಳ್ಳುವುದು, ಅರ್ಹತೆ ಇಲ್ಲದವನನ್ನು ಸುಳ್ಳು ದಾಖಲೆಯಲ್ಲಿ ಆಡಿಸುವುದು, ಇವಕ್ಕೆ ಎರಡನೆಯ ಅವಕಾಶವೇ ಇಲ್ಲ. ಹುಡುಗಿಯರ ತಂಡವಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಗೆ ನೇರವಾಗಿ ಹೋಗಬಹುದು ಎಂಬುದು ಪ್ರತಿ ಆಟಗಾರ್ತಿಗೂ ಮೊದಲ ದಿನವೇ ತಿಳಿದಿರಬೇಕು.

ನಡುವೆ ಉಳಿಯುವವರೇ ಹೆಚ್ಚು: ಪ್ರಾಮಾಣಿಕರು, ಕಷ್ಟಪಡುತ್ತಾರೆ, ಸೋಲುತ್ತಾರೆ. ಇವರ ವಿಷಯದಲ್ಲಿ ಅವಸರ ಬೇಡ ಎನ್ನಲು ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯದ ಎದುರು 10–1ರಿಂದ ಸೋತಿತು. ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ವೃತ್ತಿಯಲ್ಲಿ ಶಾಲಾ ಶಿಕ್ಷಕ. ಹತ್ತು ಗೋಲು ತಿಂದ ಕೋಚನ್ನು ಅಂದು ತೆಗೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಉಳಿಸಿಕೊಂಡರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು, ತಂಡ ಆಡುವ ರೀತಿ ಬದಲಾಯಿತು. ಅದೇ ರಹೀಂ ತರಬೇತಿಯಲ್ಲಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ.

ಅಮೆರಿಕದ ಕಾಲೇಜು ಫುಟ್‌ಬಾಲ್ ಬೇರೆಯೇ ಆಟ, ಕೈಯಲ್ಲಿ ಹಿಡಿದು ಓಡುವುದು. ಆದರೆ ಕೋಚ್ ತೆಗೆಯುವ ಚಟ ಅಲ್ಲಿ ಇನ್ನೂ ಜೋರು. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು. 1997ರಿಂದ 2010ರವರೆಗಿನ ಅಲ್ಲಿನ ತಂಡಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದು ಇದು: ತೀರಾ ಕೆಟ್ಟದಾಗಿ ಆಡುತ್ತಿದ್ದ ತಂಡಗಳಿಗೆ ಕೋಚ್ ಬದಲಾವಣೆಯಿಂದ ಹೇಳಿಕೊಳ್ಳುವ ಲಾಭ ಆಗಲಿಲ್ಲ, ನಡುಮಟ್ಟದ ತಂಡಗಳು ಕೋಚ್ ಬದಲಿಸಿ, ಬದಲಿಸದವರಿಗಿಂತ ಹಿಂದೆ ಬಿದ್ದವು. ನೆದರ್‌ಲ್ಯಾಂಡ್ಸ್‌ನ ಕಾಲ್ಚೆಂಡಿನ ಲೀಗ್ ಕುರಿತ ಅಧ್ಯಯನವೂ ಇದನ್ನೇ ಹೋಲುತ್ತದೆ. ಕುಸಿದ ತಂಡಗಳು ಕೋಚ್ ಬದಲಿಸಿದರೂ ಬದಲಿಸದಿದ್ದರೂ ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡವು. ಹೊಸ ಕೋಚ್ ಬಂದ ಮೇಲೆ ಗೆದ್ದರೆ ಮಂತ್ರಕ್ಕೆ ಮಾವಿನಕಾಯಿ ಉದುರಿತು ಎಂದುಕೊಳ್ಳುತ್ತೇವೆ. ಅದು ಹೇಗೂ ಉದುರುವ ಕಾಯಿಯಾಗಿತ್ತು. ಅಮೆರಿಕದ್ದೇ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಕೋಚ್ ಫ್ರಾಂಕ್ ಬೀಮರ್ ಮೊದಲ ಆರು ವರ್ಷದಲ್ಲಿ 24 ಗೆಲುವು, 40 ಸೋಲು ಕಂಡವರು. 1992ರಲ್ಲಂತೂ ಎರಡೇ ಗೆಲುವು. ತೆಗೆಯಲಿಲ್ಲ, ಸಹಾಯಕರ ತಂಡವನ್ನು ಬದಲಿಸಿಕೊಂಡರು. 1993ರಿಂದ 2015ರಲ್ಲಿ ನಿವೃತ್ತರಾಗುವವರೆಗೆ 23 ವರ್ಷ ಸತತವಾಗಿ ಆ ತಂಡ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹವಾಯಿತು.

ನಮ್ಮ ಕಾಲೇಜುಗಳೂ ಮಾಡಬಹುದಾದ್ದು ಅದೇ. ಕೋಚ್ ಬದಲಿಸುವ ಮುಂಚೆ ಸುತ್ತಲಿನದನ್ನು ಬದಲಿಸಿ ನೋಡಿ. ವಾರಕ್ಕೆ ಎರಡು ದಿನ ಗೋಲಿಗಳಿಗೆಂದೇ ಒಬ್ಬ ಹಳೆಯ ಗೋಲ್‌ಕೀಪರ್, ಊರಿನ ಯಾವುದಾದರೂ ಫಿಸಿಯೋಥೆರಪಿ ಕಾಲೇಜಿನಿಂದ ಒಬ್ಬ ವಿದ್ಯಾರ್ಥಿ, ಸೀಸನ್‌ಗೆ ಮುಂಚೆ ಕನಿಷ್ಠ ಆರು ಸ್ನೇಹ ಪಂದ್ಯ. ಕೋಚ್‌ಗೆ ಲೈಸೆನ್ಸ್ ಇಲ್ಲದಿದ್ದರೆ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಡಿ ಲೈಸೆನ್ಸ್ ಕೋರ್ಸಿಗೆ ಕಾಲೇಜೇ ಕಳಿಸಲಿ, ಮುಂದೆ ಸಿ ಮಾಡಲಿ. ಪಟಿಯಾಲದ ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬೇಸಿಗೆಯ ರಜೆಗೆ ಹೊಂದುತ್ತದೆ.

ಇಷ್ಟಾಗಿಯೂ ಎರಡು ಸೀಸನ್ ಪ್ರಾಕ್ಟೀಸ್ ಹಾಗೇ ಸತ್ತಂತಿದ್ದರೆ, ಹಾಳೆಯ ಲೆಕ್ಕ ಕೆಳಗೇ ಇಳಿಯುತ್ತಿದ್ದರೆ, ತೆಗೆಯಿರಿ. ಆದರೆ ಸಮಯ ನೋಡಿ. ಪಂದ್ಯಾವಳಿಗೆ ತಿಂಗಳಿರುವಾಗ ತೆಗೆದರೆ ಆ ವರ್ಷ ಹೋಯಿತು, ಹೊಸಬರಿಗೆ ಹುಡುಗರ ಹೆಸರು ನೆನಪಾಗುವಷ್ಟರಲ್ಲಿ ಪಂದ್ಯ ಬರುತ್ತದೆ. ಸೀಸನ್ ಮುಗಿದ ಎರಡು ವಾರದ ನಂತರ, ಸಿಟ್ಟು ತಣಿದ ಮೇಲೆ ಕೂತು ಮಾತಾಡಿ. ಮಂಡಳಿಯವರು, ದೈಹಿಕ ಶಿಕ್ಷಣ ನಿರ್ದೇಶಕರು, ಕೋಚ್, ಎದುರಿಗೆ ವರ್ಷದ ಹಾಳೆಗಳು. ಆಟಗಾರರನ್ನು ಒಬ್ಬೊಬ್ಬರಾಗಿ ಕೇಳಿ, ಬೆಂಚಿನಲ್ಲಿ ಕೂತವರನ್ನು ಮೊದಲು. ತೀರ್ಮಾನವನ್ನು ಕೋಚ್‌ಗೆ ಮುಖಾಮುಖಿ ಹೇಳಬೇಕು, ಲಿಖಿತವಾಗಿ ಕೊಡಬೇಕು. ಬಾಕಿ ಗೌರವಧನ ಅದೇ ದಿನ ಚುಕ್ತಾ ಆಗಬೇಕು. ಅವರು ಅದನ್ನು ವಾಟ್ಸಾಪ್‌ನಲ್ಲಿ ಓದಿ ತಿಳಿಯುವ ಹಾಗೆ ಆಗಬಾರದು.

ಹೊಸಬರನ್ನು ಆರಿಸುವಾಗ ಪ್ರಮಾಣಪತ್ರದ ಜೊತೆ ಒಂದು ಪ್ರಾಕ್ಟೀಸ್ ಮಾಡಿಸಿ ನೋಡಿ. 20 ಹುಡುಗರು, 10 ಚೆಂಡು, 60 ನಿಮಿಷ, ವಿಷಯ "ಕಾರ್ನರ್ ತಡೆಯುವುದು". ಹೋಗುವ ಕೋಚ್‌ನಿಂದ ಒಂದು ಪುಸ್ತಕ ಬರೆಸಿಕೊಳ್ಳಿ: ಯಾವ ಹುಡುಗನ ಯಾವ ಮಂಡಿ ನೋವು, ಯಾರು ಮೀನಿನ ದಕ್ಕೆಗೆ (ಬಂದರಿಗೆ) ಕೆಲಸಕ್ಕೆ ಹೋಗಿ ಬರುವುದರಿಂದ ತಡವಾಗಿ ಬರುತ್ತಾನೆ, ಯಾರು ಬೂಟಿನ ಅಳತೆ 6 ಆದರೂ 8 ಹಾಕಿಕೊಂಡು ಆಡುತ್ತಿದ್ದಾನೆ. ಇದು ಬೇರೆ ಯಾವ ಕಡತದಲ್ಲೂ ಸಿಗುವುದಿಲ್ಲ.